ಗಾನಯೋಗಿ ಪಂಚಾಕ್ಷರ ಗವಾಯಿ: ಹುಟ್ಟಿನಿಂದ ಬಂದ ಕುರುಡು, ಕಲಿತು ಬಂದ ಸಂಗೀತ

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರ್ ದೂರ. ನಿಮ್ಮಲ್ಲಿ ಹಲವರು ರೈಲಿನಲ್ಲೋ ಬಸ್ಸಿನಲ್ಲೋ ಅಲ್ಲಿಗೆ ಹೋಗಿ ಬಂದಿರಬಹುದು. ಆ ಊರಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಅಲ್ಲಿ ಹಾರ್ಮೋನಿಯಂ, ತಬಲಾ, ಗಾಯನ ಎಲ್ಲವನ್ನೂ ಕಲಿಸುತ್ತಾರೆ. ಕಲಿಯುವ ಮಕ್ಕಳಲ್ಲಿ ಅನೇಕರಿಗೆ ಕಣ್ಣು ಕಾಣಿಸುವುದಿಲ್ಲ. ಕಣ್ಣು ಕಾಣುವ ಮಕ್ಕಳೂ ಅವರ ಜೊತೆಗೇ ಕುಳಿತು ಕಲಿಯುತ್ತಾರೆ. ಈ ಆಶ್ರಮವನ್ನು ಕಟ್ಟಿದವರು ಪಂಚಾಕ್ಷರ ಗವಾಯಿಗಳು. ಅವರೂ ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು.

ನಾನು ಶಾಲೆಗಳಿಗೆ ಹೋದಾಗ ಗವಾಯಿಗಳ ಮಾತು ಬಂದರೆ ಮಕ್ಕಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಕಣ್ಣಿಲ್ಲದವರಿಗೆ ದೇವರು ಸಂಗೀತ ಕೊಟ್ಟಿರುತ್ತಾನೆ ಎನ್ನುವುದು ನಿಜವೇ? ಹುಟ್ಟಿನಿಂದ ಬಂದ ಕುರುಡನ್ನು ಈಗಿನ ಡಾಕ್ಟರರು ಗುಣ ಮಾಡಬಲ್ಲರೇ? ಎರಡೂ ಒಳ್ಳೆಯ ಪ್ರಶ್ನೆಗಳು. ಗವಾಯಿಗಳ ಬಾಳಿನ ಕಥೆ ಓದುತ್ತಲೇ ಇವೆರಡಕ್ಕೂ ಉತ್ತರ ಹುಡುಕೋಣ, ಬನ್ನಿ.

ಕಾಡಶೆಟ್ಟಿಹಳ್ಳಿಯ ಇಬ್ಬರು ಹುಡುಗರು

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಊರಿದೆ. 1892ರಲ್ಲಿ ಆ ಊರಿನ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳಿಗೆ ಒಂದು ಗಂಡು ಮಗು ಹುಟ್ಟಿತು. ಆಗ ಹಾವೇರಿ, ಗದಗ ಎಲ್ಲವೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಅವು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವನ ಒಡಹುಟ್ಟಿದ ಗುರುಬಸವಯ್ಯನಿಗೂ ಹಾಗೆಯೇ. ಬಡವರ ಮನೆ. ಇಬ್ಬರು ಮಕ್ಕಳಿಗೂ ಕಣ್ಣಿಲ್ಲ. ಆ ತಾಯಿ ತಂದೆಯರ ಚಿಂತೆ ಎಷ್ಟಿದ್ದಿರಬೇಕು, ಯೋಚಿಸಿ ನೋಡಿ.

ಹೀಗೆ ಹುಟ್ಟುವಾಗಲೇ ಇರುವ ತೊಂದರೆಗೆ ಜನ್ಮಜಾತ ತೊಂದರೆ ಎನ್ನುತ್ತಾರೆ. ಅದು ಏಕೆ ಬರುತ್ತದೆ ಎಂದು ತಿಳಿಯಲು ಮೊದಲು ನಮ್ಮ ಕಣ್ಣಿನ ರಚನೆಯನ್ನು ನೆನಪಿಸಿಕೊಳ್ಳಬೇಕು.

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಪಾರದರ್ಶಕವಾದ ಪದರವಿದೆ. ಅದು ಕಾರ್ನಿಯಾ. ಅದರ ಹಿಂದೆ ಕಪ್ಪಾಗಿ ಕಾಣುವ ದುಂಡನೆಯ ಕಿಂಡಿ, ಅದೇ ಪಾಪೆ. ಪಾಪೆಯ ಹಿಂದೆ ಮಸೂರವಿದೆ. ಕಣ್ಣಿನ ಒಳಗೋಡೆಯಲ್ಲಿ ಅಕ್ಷಿಪಟ ಅಥವಾ ರೆಟಿನಾ ಇದೆ. ಹೊರಗಿನ ಬೆಳಕು ಕಾರ್ನಿಯಾ, ಪಾಪೆ, ಮಸೂರಗಳನ್ನು ದಾಟಿ ಅಕ್ಷಿಪಟದ ಮೇಲೆ ಬಿಂಬವಾಗಿ ಬೀಳುತ್ತದೆ. ಅಲ್ಲಿಂದ ದೃಷ್ಟಿನರದ ಮೂಲಕ ಸಂದೇಶ ಮೆದುಳಿಗೆ ಹೋಗುತ್ತದೆ. ಆ ಸಂದೇಶವನ್ನು ಮೆದುಳು ಅರ್ಥ ಮಾಡಿಕೊಂಡಾಗಲೇ ನಮಗೆ ವಸ್ತು ಕಾಣುವುದು.

ಈ ದಾರಿಯಲ್ಲಿ ಎಲ್ಲಿ ಅಡಚಣೆಯಾದರೂ ದೃಷ್ಟಿ ಕೆಡುತ್ತದೆ. ಮಸೂರವು ತಾಯಿಯ ಗರ್ಭದಲ್ಲಿಯೇ ಬೆಳ್ಳಗಾದರೆ ಅದು ಜನ್ಮಜಾತ ಪೊರೆ. ಪೊರೆ ಅಜ್ಜ ಅಜ್ಜಿಯರಿಗೆ ಮಾತ್ರ ಬರುವುದಲ್ಲ, ಹಸುಗೂಸಿಗೂ ಬರಬಹುದು! ಕಣ್ಣಿನೊಳಗಿನ ದ್ರವ ಸರಿಯಾಗಿ ಹರಿದು ಹೋಗದೆ ಒತ್ತಡ ಹೆಚ್ಚಿದರೆ ಅದು ಜನ್ಮಜಾತ ಗ್ಲಾಕೋಮಾ. ಕೆಲವು ಮಕ್ಕಳಲ್ಲಿ ಕಾರ್ನಿಯಾ ಮಂಜಾಗಿರುತ್ತದೆ. ಕೆಲವರಲ್ಲಿ ಅಕ್ಷಿಪಟ ಅಥವಾ ದೃಷ್ಟಿನರ ಸರಿಯಾಗಿ ಬೆಳೆದಿರುವುದಿಲ್ಲ. ಇನ್ನು ಕೆಲವರ ಕಣ್ಣುಗುಡ್ಡೆಯೇ ತೀರ ಚಿಕ್ಕದಾಗಿರುತ್ತದೆ.

ನೋಡಿದಿರಾ, ಹುಟ್ಟುಗುರುಡು ಎಂಬ ಒಂದೇ ಮಾತಿನ ಹಿಂದೆ ಎಷ್ಟೊಂದು ಬೇರೆ ಬೇರೆ ಕಾಯಿಲೆಗಳಿವೆ! ಇವುಗಳಲ್ಲಿ ಕೆಲವನ್ನು ಗುಣಪಡಿಸಬಹುದು, ಕೆಲವನ್ನು ಈಗಲೂ ಆಗದು. ಯಾವುದು ಎಂದು ತಿಳಿಯಬೇಕಾದರೆ ಕಣ್ಣಿನೊಳಗೆ ಇಣುಕಿ ನೋಡಬೇಕು.

ಕಣ್ಣಿನೊಳಗೆ ನೋಡುವ ಉಪಕರಣ ಗದಿಗೆಯ್ಯ ಹುಟ್ಟುವ ಮೊದಲೇ ಬಂದಿತ್ತು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ತಯಾರಿಸಿದ್ದರು. ಮದರಾಸಿನಲ್ಲಿ 1819ರಲ್ಲಿಯೇ ಕಣ್ಣಿನ ಆಸ್ಪತ್ರೆ ಆರಂಭವಾಗಿತ್ತು. ಆದರೆ ಕಾಡಶೆಟ್ಟಿಹಳ್ಳಿ ಎಲ್ಲಿ, ಮದರಾಸು ಎಲ್ಲಿ! ಆ ಕಾಲದ ಹಳ್ಳಿಯ ಬಡವರಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ. ಮಗುವಿಗೆ ಕಣ್ಣಿಲ್ಲವೆಂದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ಹೆಚ್ಚಿನವರಿಗೆ ಉಳಿಯುತ್ತಿದ್ದ ದಾರಿ ಎರಡೇ. ಒಂದು, ಮನೆಯ ಮೂಲೆ. ಇನ್ನೊಂದು, ಭಿಕ್ಷೆ.

ಕೈ ಹಿಡಿದವರು

ಗದಿಗೆಯ್ಯ ಮತ್ತು ಗುರುಬಸವಯ್ಯ ಮೂಲೆ ಸೇರಲಿಲ್ಲ. ಇಬ್ಬರಿಗೂ ಹಾಡುವುದೆಂದರೆ ಪ್ರೀತಿ. ಕಿವಿಗೆ ಬಿದ್ದ ಹಾಡನ್ನು ಕಲಿತು ಹಾಡುತ್ತಿದ್ದರು. ಆ ಹಾಡು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಹತ್ತಿರ 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು ಇವರೇ. ಸ್ವಾಮಿಗಳು ಆ ಹುಡುಗರನ್ನು ಕಂಡು ಅಯ್ಯೋ ಪಾಪ ಎಂದು ಒಂದು ಹೊತ್ತಿನ ಊಟ ಕೊಟ್ಟು ಕಳಿಸಿಬಿಡಲಿಲ್ಲ. ಅವರ ಕಲಿಕೆಯ ಹೊಣೆಯನ್ನೇ ಹೊತ್ತರು. ಸಂಗೀತ ಕಲಿಸಲು ಏರ್ಪಾಡು ಮಾಡಿದರು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಂದು ಆ ಮಕ್ಕಳ ಕಣ್ಣಿಗೆ ಔಷಧ ಕೊಡಲು ಸ್ವಾಮಿಗಳಿಗೆ ಸಾಧ್ಯವಿರಲಿಲ್ಲ. ಆದರೆ ಕಣ್ಣಿಲ್ಲದ ಮಗುವೂ ಪೂರ್ತಿ ಕಲಿಯಬಲ್ಲದು ಎಂದು ಅವರು ನಂಬಿದರು. ಆ ನಂಬಿಕೆಯಿಂದ ಒಂದು ಬಾಳಿನ ದಾರಿಯೇ ಬದಲಾಯಿತು.

ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಎರಡು ಪದ್ಧತಿಗಳನ್ನೂ ಚೆನ್ನಾಗಿ ಅರಿತ ಗಾಯಕರಾದರು. ಪಂಚಾಕ್ಷರ ಗವಾಯಿ ಎಂಬ ಹೆಸರು ನಾಡಿನಲ್ಲಿ ಹಬ್ಬಿತು. ಗವಾಯಿ ಎಂದರೆ ಹಾಡುಗಾರ.

ಅವರ ಕಲಿಕೆ ಹೇಗಿತ್ತು? ನಿಮಗೆ ಪಾಠ ಮರೆತರೆ ಪುಸ್ತಕ ತೆರೆದು ನೋಡುತ್ತೀರಿ. ಗದಿಗೆಯ್ಯನಿಗೆ ಆ ಅನುಕೂಲವಿರಲಿಲ್ಲ. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಫ್ರಾನ್ಸಿನಲ್ಲಿ ಹುಟ್ಟಿ ಬಹಳ ವರ್ಷವಾಗಿತ್ತು. ಆದರೆ ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ರೂಪುಗೊಂಡದ್ದು 1951ರಲ್ಲಿ. ಆದ್ದರಿಂದ ಗುರು ಹಾಡಿದ್ದನ್ನು ಕೇಳಬೇಕು, ನೆನಪಿಡಬೇಕು, ಮತ್ತೆ ಮತ್ತೆ ಹಾಡಬೇಕು. ಸ್ವರ ಒಂದು ಕೂದಲಿನಷ್ಟು ಜಾರಿದರೂ ಕಿವಿಯೇ ಹಿಡಿಯಬೇಕು. ವಾದ್ಯದ ತಂತಿ, ಮನೆಗಳು ಎಲ್ಲಿವೆ ಎಂದು ಬೆರಳೇ ಕಲಿಯಬೇಕು. ಇದಕ್ಕೆ ಸಂಗೀತಗಾರರು ರಿಯಾಜ್ ಎನ್ನುತ್ತಾರೆ. ಅದು ವರ್ಷಗಟ್ಟಲೆ ಮಾಡುವ ಕೆಲಸ.

ದೇವರು ಕೊಟ್ಟದ್ದೋ, ಕಲಿತದ್ದೋ?

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಕಣ್ಣಿಲ್ಲದವರಿಗೆಲ್ಲ ಸಂಗೀತ ತಾನಾಗಿ ಬರುತ್ತದೆಯೇ? ಇಲ್ಲ. ಕಣ್ಣು ಕಾಣುವವರಂತೆ ಅವರಲ್ಲಿಯೂ ಕೆಲವರಿಗೆ ಸಂಗೀತದಲ್ಲಿ ಆಸಕ್ತಿ, ಕೆಲವರಿಗೆ ಗಣಿತದಲ್ಲಿ, ಕೆಲವರಿಗೆ ಆಟದಲ್ಲಿ. ಆದರೆ ಆ ಮಾತಿನಲ್ಲಿ ಸ್ವಲ್ಪ ನಿಜವೂ ಅಡಗಿದೆ.

ಮೆದುಳಿನ ಹಿಂಭಾಗದಲ್ಲಿ ನೋಟಕ್ಕಾಗಿ ಮೀಸಲಾದ ಜಾಗವಿದೆ. ಹುಟ್ಟಿನಿಂದ ಕಣ್ಣಿನ ಸಂದೇಶ ಬಾರದೇ ಹೋದರೆ ಆ ಜಾಗ ಖಾಲಿ ಬಿದ್ದಿರುವುದಿಲ್ಲ. ಕೇಳುವ ಮತ್ತು ಮುಟ್ಟಿ ತಿಳಿಯುವ ಕೆಲಸಕ್ಕೆ ಅದು ಒದಗುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಕೆನಡಾದ ವಿಜ್ಞಾನಿಗಳು 2004ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿಯೇ ದೃಷ್ಟಿ ಹೋದವರು, ಸ್ವರ ಏರಿತೋ ಇಳಿಯಿತೋ ಎಂಬುದನ್ನು ಬೇರೆಯವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ ಎಂದು ಅದರಲ್ಲಿ ಕಂಡುಬಂತು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಲ್ಲಿ ಈ ಹೆಚ್ಚುಗಾರಿಕೆ ಕಾಣಲಿಲ್ಲ.

ಅಂದರೆ ಎಳೆಯ ಮೆದುಳು ಹಸಿ ಮಣ್ಣಿನಂತೆ. ಯಾವುದನ್ನು ಹೆಚ್ಚು ಕಲಿಸುತ್ತೇವೆಯೋ ಅದಕ್ಕೆ ತಕ್ಕಂತೆ ರೂಪ ತಾಳುತ್ತದೆ. ಆದರೆ ಕಿವಿ ಚುರುಕಾಗಿದ್ದರೆ ಸಾಲದು. ಕಲಿಸುವ ಗುರು ಬೇಕು, ಹಗಲಿರುಳು ಮಾಡುವ ರಿಯಾಜ್ ಬೇಕು. ಗವಾಯಿಗಳಿಗೆ ಕುರುಡು ಹುಟ್ಟಿನಿಂದ ಬಂತು, ಸಂಗೀತ ಕಲಿತು ಬಂತು. ಎಳೆಯ ಮೆದುಳಿನ ಈ ಗುಣವನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಊರೂರು ತಿರುಗಿದ ಪಾಠಶಾಲೆ

ಗವಾಯಿಗಳು ತಾವು ಕಲಿತು ಹೆಸರು ಮಾಡಿ ಸುಮ್ಮನೆ ಕೂರಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು, ಅನಾಥರನ್ನು ಸೇರಿಸಿಕೊಂಡು ಸಂಗೀತ ಕಲಿಸತೊಡಗಿದರು. ಶಿಷ್ಯರಿಂದ ಹಣ ಪಡೆಯುತ್ತಿರಲಿಲ್ಲ. ಊಟ, ವಸತಿ, ಪಾಠ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ. ಮೊದಲಿಗೆ ಆ ಶಾಲೆಗೆ ಒಂದು ಊರು ಎಂಬುದಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು, ಅಲ್ಲಿ ಹಾಡುವುದು, ಜನ ಕೊಟ್ಟದ್ದರಲ್ಲಿ ಮಕ್ಕಳನ್ನು ಸಾಕುವುದು, ಕಲಿಸುವುದು. ಹೀಗೆ ನಡೆಯುವ ಪಾಠಶಾಲೆ ಅದು.

ಕೊನೆಗೆ ಗದಗಿನಲ್ಲಿ ಅದಕ್ಕೆ ಒಂದು ನೆಲೆ ಸಿಕ್ಕಿತು. ಗದಗಿನ ದಾನಿ ಬಸರಿಗಿಡದ ವೀರಪ್ಪ ಅವರು ನೆರವಾದರು. ಅದೇ ಈಗಿನ ವೀರೇಶ್ವರ ಪುಣ್ಯಾಶ್ರಮ.

ಇಲ್ಲಿ ಕಲಿತವರಲ್ಲಿ ಕಣ್ಣು ಕಾಣುವವರೂ ಇದ್ದರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿದ ಪಂಡಿತ ಬಸವರಾಜ ರಾಜಗುರು ಅವರು ಗವಾಯಿಗಳ ಶಿಷ್ಯರು. ಮುಂದೆ ಅವರು ಧಾರವಾಡದಲ್ಲಿ ನೆಲೆಸಿ ದೇಶಕ್ಕೆಲ್ಲ ಹೆಸರಾದರು. ಕಣ್ಣಿದ್ದ ಹುಡುಗ ಕಣ್ಣಿಲ್ಲದ ಗುರುವಿನಿಂದ ದಾರಿ ಕಂಡುಕೊಂಡ ಕಥೆ ಇದು.

ಗವಾಯಿಗಳ ಇನ್ನೊಬ್ಬ ಶಿಷ್ಯರು ಪುಟ್ಟರಾಜ ಗವಾಯಿಗಳು. ಇವರು 1914ರಲ್ಲಿ ಹುಟ್ಟಿದರು. ಇವರ ಕಣ್ಣಿನ ಕಥೆ ಬೇರೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಇವರು ದೃಷ್ಟಿ ಕಳೆದುಕೊಂಡರು. ಅಂದರೆ ಇದು ಜನ್ಮಜಾತವಲ್ಲ, ಆಮೇಲೆ ಬಂದದ್ದು. ಗುರು ಶಿಷ್ಯರಿಬ್ಬರಿಗೂ ಕಣ್ಣಿಲ್ಲವೆಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವೈದ್ಯರಿಗೆ ಅವೆರಡೂ ಬೇರೆ ಬೇರೆ. ಆ ಕಾಲದಲ್ಲಿ ಎಳೆಯ ಮಕ್ಕಳ ಕಣ್ಣು ಕಳೆಯುತ್ತಿದ್ದ ಕಾರಣಗಳು ಹಲವು. ಸಿಡುಬು, ನಮ್ಮ ಕಡೆ ಗೊಬ್ಬರ ಎಂದು ಕರೆಯುವ ದಡಾರ, ವಿಟಮಿನ್ ಎ ಕೊರತೆ, ಹುಟ್ಟಿದ ಕೂಡಲೇ ಕಣ್ಣಿಗೆ ತಗಲುವ ಸೋಂಕು ಇವು ಮುಖ್ಯವಾದವು. ಇವುಗಳಲ್ಲಿ ಸಿಡುಬು ಭೂಮಿಯಿಂದಲೇ ಅಳಿದಿದೆ ಎಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಉಳಿದವುಗಳನ್ನು ಲಸಿಕೆ, ವಿಟಮಿನ್ ಎ ಹನಿ, ಹಸಿರು ಸೊಪ್ಪು, ಶುಚಿಯಾದ ಹೆರಿಗೆ ಇವುಗಳಿಂದ ತಡೆಯಬಹುದು.

ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಆಶ್ರಮದ ಹೊಣೆ ಪುಟ್ಟರಾಜರ ಹೆಗಲಿಗೆ ಬಂತು. ಅವರು ಅದನ್ನು 66 ವರ್ಷಗಳ ಕಾಲ ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರೂ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ನಿಧನರಾದರು. ಗುರು ಹಚ್ಚಿದ ದೀಪವನ್ನು ಶಿಷ್ಯ ಆರದಂತೆ ಕಾಯ್ದರು.

ಇಂದು ಅಂಥ ಮಗು ಹುಟ್ಟಿದರೆ?

ಈಗ ಎರಡನೆಯ ಪ್ರಶ್ನೆ. ಕಾಡಶೆಟ್ಟಿಹಳ್ಳಿಯಂಥ ಒಂದು ಹಳ್ಳಿಯಲ್ಲಿ ಇಂದು ಕಣ್ಣಿನ ತೊಂದರೆ ಇರುವ ಒಂದು ಕೂಸು ಹುಟ್ಟಿತು ಎಂದುಕೊಳ್ಳಿ. ಏನು ಮಾಡಬಹುದು?

ಕೂಸು ಮಾತಾಡುವುದಿಲ್ಲ. ತನಗೆ ಕಾಣುತ್ತಿಲ್ಲ ಎಂದು ಹೇಳುವುದೂ ಇಲ್ಲ. ಕಾಣುವುದು ಎಂದರೇನು ಎಂದೇ ಅದಕ್ಕೆ ಗೊತ್ತಿಲ್ಲ! ಹಾಗಾದರೆ ವೈದ್ಯರು ತಿಳಿಯುವುದು ಹೇಗೆ?

ಅದಕ್ಕೊಂದು ಸರಳ ಪರೀಕ್ಷೆಯಿದೆ. ಕತ್ತಲೆಯ ಕೋಣೆಯಲ್ಲಿ ವೈದ್ಯರು ನೇತ್ರದರ್ಶಕದ ಸಣ್ಣ ಬೆಳಕನ್ನು ಕೂಸಿನ ಪಾಪೆಯೊಳಗೆ ಬಿಟ್ಟು ನೋಡುತ್ತಾರೆ. ಕಣ್ಣು ಸರಿಯಾಗಿದ್ದರೆ ಬೆಳಕು ಒಳಗೋಡೆಗೆ ತಾಗಿ ಹಿಂತಿರುಗುತ್ತದೆ. ಆಗ ಪಾಪೆ ಕೆಂಪು ಅಥವಾ ಕಿತ್ತಳೆ ಬಣ್ಣದಿಂದ ಹೊಳೆಯುತ್ತದೆ. ದಾರಿಯಲ್ಲಿ ಪೊರೆ ಇದ್ದರೆ ಆ ಹೊಳಪು ಕಾಣುವುದಿಲ್ಲ, ಅಥವಾ ಅದರಲ್ಲಿ ಕಪ್ಪು ನೆರಳು ಕಾಣುತ್ತದೆ. ಪಾಪೆ ಬೆಳ್ಳಗೆ ಹೊಳೆದರೆ ಇನ್ನೂ ಎಚ್ಚರಿಕೆ ಬೇಕು. ಪೊರೆಯಲ್ಲದೆ ಕಣ್ಣಿನೊಳಗಿನ ಗಡ್ಡೆಯೂ ಹಾಗೆ ಕಾಣಬಹುದು. ಅದನ್ನು ಬೇಗ ಪತ್ತೆ ಮಾಡಿದರೆ ಕಣ್ಣು ಮಾತ್ರವಲ್ಲ, ಮಗುವಿನ ಜೀವವೂ ಉಳಿಯುತ್ತದೆ. ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ನೋವಿಲ್ಲ, ಚುಚ್ಚುವುದಿಲ್ಲ. 1851ರ ಆ ಉಪಕರಣದಿಂದಲೇ ಬೆಳೆದು ಬಂದ ಪರೀಕ್ಷೆ ಇದು.

ಪೊರೆ ಎಂದು ಗೊತ್ತಾದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೂಸಿಗೆ ಅರಿವಳಿಕೆ ಕೊಟ್ಟು, ಬೆಳ್ಳಗಾದ ಮಸೂರವನ್ನು ತೆಗೆಯುತ್ತಾರೆ. ಮಸೂರ ಹೋದ ಮೇಲೆ ಬಿಂಬವನ್ನು ಅಕ್ಷಿಪಟದ ಮೇಲೆ ಬೀಳಿಸಲು ಬೇರೆ ಮಸೂರ ಬೇಕಲ್ಲವೇ? ಅದಕ್ಕಾಗಿ ದಪ್ಪ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಕೊಡುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸುತ್ತಾರೆ. ಗ್ಲಾಕೋಮಾ ಇದ್ದರೆ ಒತ್ತಡ ತಗ್ಗಿಸುವ ಶಸ್ತ್ರಚಿಕಿತ್ಸೆ ಬೇರೆ ಇದೆ.

ಹದ ತಪ್ಪಬಾರದು

ಇಲ್ಲಿ ಒಂದು ಮುಖ್ಯ ಮಾತಿದೆ. ಎರಡೂ ಕಣ್ಣುಗಳಲ್ಲಿ ದಟ್ಟ ಪೊರೆ ಇರುವ ಕೂಸಿಗೆ ಹುಟ್ಟಿದ ಆರರಿಂದ ಎಂಟು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಾದರೆ ಒಳ್ಳೆಯದು ಎನ್ನುತ್ತಾರೆ ವೈದ್ಯರು. ಅಜ್ಜನ ಪೊರೆ ಒಂದು ವರ್ಷ ಕಾಯಬಹುದು, ಕೂಸಿನದು ಕಾಯುವಂತಿಲ್ಲ. ಏಕೆ?

ನಿಮ್ಮ ಹೊಲದ ಮಾತನ್ನೇ ತೆಗೆದುಕೊಳ್ಳಿ. ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತಲು ಹದ ನೋಡುತ್ತಾರೆ. ಹದವಿದ್ದಾಗ ಬಿತ್ತಿದ ಬೀಜ ಮೊಳೆಯುತ್ತದೆ. ಹದ ಆರಿದ ಮೇಲೆ ಅದೇ ಬೀಜ, ಅದೇ ಹೊಲ, ಆದರೆ ಬೆಳೆ ಕಡಿಮೆ. ನೋಡುವುದನ್ನು ಕಲಿಯಲು ಮೆದುಳಿಗೂ ಅಂಥ ಒಂದು ಹದವಿದೆ.

ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಹ್ಯೂಬೆಲ್ ಮತ್ತು ವೀಸಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಇದನ್ನು ತೋರಿಸಿದರು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಹುಟ್ಟಿದ ಮೊದಲ ಕೆಲವು ತಿಂಗಳು ಮುಚ್ಚಿಟ್ಟರು. ಆಮೇಲೆ ತೆರೆದರು. ಕಣ್ಣಿಗೇನೂ ಆಗಿರಲಿಲ್ಲ. ಆದರೂ ಮರಿಗೆ ಆ ಕಣ್ಣಿನಿಂದ ಸರಿಯಾಗಿ ಕಾಣುತ್ತಿರಲಿಲ್ಲ! ಮೆದುಳಿನಲ್ಲಿ ಆ ಕಣ್ಣಿಗೆ ಸೇರಬೇಕಾದ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು. ದೃಷ್ಟಿಯ ಬಗೆಗಿನ ಸಂಶೋಧನೆಗಳಿಗಾಗಿ ಇವರಿಬ್ಬರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎಳೆಯ ಮೆದುಳು ಹಸಿ ಮಣ್ಣಿನಂತೆ ಎಂದು ಹೇಳಿದ್ದೆನಲ್ಲ, ನೆನಪಿದೆಯೇ? ಗವಾಯಿಗಳ ಬಾಳಿನಲ್ಲಿ ಕಿವಿಗೆ ನೆರವಾದ ಗುಣವೇ, ತಡವಾಗಿ ಚಿಕಿತ್ಸೆಯಾದ ಮಗುವಿನ ಕಣ್ಣಿಗೆ ಅಡ್ಡಿಯಾಗುತ್ತದೆ. ಕಣ್ಣು ಸರಿಯಾದರೂ ಮೆದುಳು ನೋಡಲು ಕಲಿಯದಿದ್ದರೆ ದೃಷ್ಟಿ ಮಂದವಾಗಿಯೇ ಉಳಿಯುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎನ್ನುವುದುಂಟು. ಅದಕ್ಕಾಗಿಯೇ ಕೆಲವು ಮಕ್ಕಳ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಎಂದು ಪಟ್ಟಿ ಹಾಕಿ, ಮಂದವಾದ ಕಣ್ಣಿನಿಂದ ನೋಡಲು ಅಭ್ಯಾಸ ಮಾಡಿಸುತ್ತಾರೆ. ಇದೂ ಒಂದು ರಿಯಾಜ್! ಅಂಥ ಪಟ್ಟಿ ಅಥವಾ ದಪ್ಪ ಕನ್ನಡಕ ಹಾಕಿಕೊಂಡ ಗೆಳೆಯನನ್ನು ಗೇಲಿ ಮಾಡಬೇಡಿ. ಗೇಲಿಗೆ ಹೆದರಿ ಅವನು ಅದನ್ನು ತೆಗೆದಿಟ್ಟರೆ ನಷ್ಟವಾಗುವುದು ಅವನ ದೃಷ್ಟಿಗೆ.

ಹಾಗೆಂದು ತಡವಾಯಿತು, ಇನ್ನೇಕೆ ಎಂದು ಕೈಬಿಡಲೂಬಾರದು. ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆಯಾದ ಮಕ್ಕಳೂ ಸ್ವಲ್ಪ ಮಟ್ಟಿಗೆ ನೋಡಲು ಕಲಿತದ್ದು ನಮ್ಮ ದೇಶದಲ್ಲಿಯೇ ಕಂಡುಬಂದಿದೆ. ಬೇಗ ತೋರಿಸಿದರೆ ಬಹಳ ಒಳ್ಳೆಯದು. ತಡವಾಗಿದ್ದರೆ ಇಂದೇ ತೋರಿಸುವುದು ಒಳ್ಳೆಯದು.

ಏಕೆ ಬರುತ್ತದೆ?

ಗರ್ಭಿಣಿಗೆ ತಗಲಿದ ಸೋಂಕಿನಿಂದಲೂ ಮಗುವಿನ ಕಣ್ಣು ಕೆಡಬಹುದು ಎಂಬುದು ಬಹುಕಾಲ ಗೊತ್ತಿರಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಬಳಿಗೆ ಹುಟ್ಟಿನಿಂದ ಪೊರೆ ಇರುವ ಕೂಸುಗಳು ಒಂದರ ಹಿಂದೆ ಒಂದು ಬಂದವು. ಅವರು ತಾಯಂದಿರನ್ನು ವಿಚಾರಿಸಿದರು. ಬಹುತೇಕ ಎಲ್ಲರಿಗೂ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಜ್ವರ ಬಂದಿತ್ತು! ತಾಯಿಗೆ ಮೈಮೇಲೆ ಸಣ್ಣ ಗುಳ್ಳೆಯೆದ್ದು ಎರಡು ಮೂರು ದಿನದಲ್ಲಿ ಹೋಗುವ ಕಾಯಿಲೆ ಹೊಟ್ಟೆಯೊಳಗಿನ ಕೂಸಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸುತ್ತಿತ್ತು. ಈಗ ಇದಕ್ಕೆ ಲಸಿಕೆಯಿದೆ. ಕರ್ನಾಟಕದಲ್ಲಿ 2017ರಲ್ಲಿ ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಈಗ ಅದು ಎಳೆಯ ಮಕ್ಕಳಿಗೆ ಕೊಡುವ ಲಸಿಕೆಗಳಲ್ಲಿ ಸೇರಿದೆ.

ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಹುಟ್ಟಿನಿಂದ ಒಂದೇ ಬಗೆಯ ತೊಂದರೆಯಿದ್ದರೆ ಈಗಿನ ವೈದ್ಯರು ಆನುವಂಶಿಕ ಕಾರಣವನ್ನೂ ಹುಡುಕುತ್ತಾರೆ. ನಮ್ಮ ದೇಹದ ಗುಣಗಳನ್ನು ನಿರ್ಧರಿಸುವ ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ತಂದೆಯಿಂದ, ಒಂದು ತಾಯಿಯಿಂದ. ಕೆಲವು ಕಾಯಿಲೆಗಳಲ್ಲಿ, ಜೋಡಿಯಲ್ಲಿ ಒಂದು ಮಾತ್ರ ದೋಷವುಳ್ಳದ್ದಾದರೆ ತೊಂದರೆ ಕಾಣುವುದಿಲ್ಲ. ಎರಡೂ ದೋಷವುಳ್ಳವಾದರೆ ಕಾಯಿಲೆ ಬರುತ್ತದೆ. ಹೀಗಾಗಿ ಕಣ್ಣು ಚೆನ್ನಾಗಿರುವ ತಾಯಿ ತಂದೆಯರಿಗೂ ಕಣ್ಣಿಲ್ಲದ ಮಗು ಹುಟ್ಟಬಹುದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲಿಯೂ ಒಂದೇ ದೋಷ ಇರುವ ಸಂಭವ ಹೆಚ್ಚು. ಇದು ಯಾರ ಪಾಪದ ಫಲವೂ ಅಲ್ಲ. ಗ್ರಹಣದಿಂದಾಗಲಿ, ದೃಷ್ಟಿ ತಾಗಿದ್ದರಿಂದಾಗಲಿ ಬರುವುದೂ ಅಲ್ಲ.

ನೀವು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಪುಟ್ಟ ಕೂಸುಗಳಿರುತ್ತವೆ. ಅವುಗಳನ್ನು ಎತ್ತಿ ಆಡಿಸುವವರು ನೀವೇ. ಆದ್ದರಿಂದ ಈ ಗುರುತುಗಳನ್ನು ನೆನಪಿಡಿ.

1. ಪಾಪೆಯಲ್ಲಿ ಬಿಳಿ ಚುಕ್ಕೆ ಕಾಣುವುದು. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆಯುವುದು.
2. ಮೂರು ತಿಂಗಳಾದರೂ ಕೂಸು ತಾಯಿಯ ಮುಖವನ್ನು ನೋಡದಿರುವುದು, ಆಟಿಕೆಯ ಕಡೆ ಕಣ್ಣು ಹೊರಳಿಸದಿರುವುದು.
3. ಕಣ್ಣುಗುಡ್ಡೆ ನಿಲ್ಲದೆ ಅತ್ತಿತ್ತ ಓಲಾಡುವುದು.
4. ಕಣ್ಣು ತೀರ ದೊಡ್ಡದಾಗಿ ಕಾಣುವುದು, ಯಾವಾಗಲೂ ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು.
5. ಮೆಳ್ಳೆಗಣ್ಣು. ಇದು ಅದೃಷ್ಟದ ಗುರುತಲ್ಲ, ವೈದ್ಯರಿಗೆ ತೋರಿಸಬೇಕಾದ ಗುರುತು.

ಇವುಗಳಲ್ಲಿ ಒಂದು ಕಂಡರೂ ಮನೆಯ ಹಿರಿಯರಿಗೆ, ನಿಮ್ಮ ಗುರುಗಳಿಗೆ, ಅಂಗನವಾಡಿ ಟೀಚರಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಎದೆಹಾಲು, ಜೇನುತುಪ್ಪ, ಸೊಪ್ಪಿನ ರಸ ಇವನ್ನು ಕಣ್ಣಿಗೆ ಹಾಕಲು ಬಿಡಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಜನ್ಮಜಾತ ಪೊರೆ ಆ ತಂಡ ಹುಡುಕುವ ತೊಂದರೆಗಳ ಪಟ್ಟಿಯಲ್ಲಿಯೇ ಇದೆ. ಅವರು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಚಿಕಿತ್ಸೆ ಉಚಿತ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಪೀನ ಮಸೂರ (ಭೂತಗನ್ನಡಿ), ಬಿಳಿ ಹಾಳೆ, ಮಂದವಾದ ಬಿಳಿ ಪ್ಲಾಸ್ಟಿಕ್ ಹಾಳೆಯ ತುಂಡು.

ತರಗತಿಯ ಕಿಟಕಿಯ ಎದುರಿನ ಗೋಡೆಯ ಬಳಿ ನಿಲ್ಲಿ. ಮಸೂರವನ್ನು ಕಿಟಕಿಯ ಕಡೆ ಹಿಡಿದು, ಹಾಳೆಯನ್ನು ಅದರ ಹಿಂದೆ ಹಿಂದೆ ಮುಂದೆ ಸರಿಸಿ. ಒಂದು ದೂರದಲ್ಲಿ ಕಿಟಕಿಯ ತಲೆಕೆಳಗಾದ ಬಿಂಬ ಸ್ಪಷ್ಟವಾಗಿ ಮೂಡುತ್ತದೆ. ಮಸೂರವೇ ಕಣ್ಣಿನ ಮಸೂರ, ಹಾಳೆಯೇ ಅಕ್ಷಿಪಟ. ಈಗ ಮಸೂರದ ಮುಂದೆ ಪ್ಲಾಸ್ಟಿಕ್ ತುಂಡನ್ನು ಹಿಡಿಯಿರಿ. ಬಿಂಬ ಏನಾಯಿತು? ಪೊರೆ ಬಂದ ಕಣ್ಣಿನಲ್ಲಿ ಆಗುವುದೂ ಇದೇ. ತುಂಡನ್ನು ತೆಗೆಯಿರಿ, ಬಿಂಬ ಮರಳುತ್ತದೆ. ಇನ್ನು ಮಸೂರ ಸರಿಯಿದ್ದು ಹಾಳೆಯನ್ನೇ ತೆಗೆದುಬಿಟ್ಟರೆ? ಬಿಂಬ ಬೀಳಲು ಜಾಗವೇ ಇಲ್ಲ. ಅಕ್ಷಿಪಟ ಕೆಟ್ಟಾಗ ಚಿಕಿತ್ಸೆ ಏಕೆ ಕಷ್ಟ ಎಂಬುದು ಈಗ ತಿಳಿಯಿತಲ್ಲವೇ?

ಎಚ್ಚರಿಕೆ: ಮಸೂರದಿಂದ ಸೂರ್ಯನನ್ನು ನೋಡಬೇಡಿ. ಯಾರ ಕಣ್ಣಿಗೂ ಟಾರ್ಚ್ ಬಿಡಬೇಡಿ.

ಮಕ್ಕಳೇ, ಗುಣವಾಗುವ ಕಣ್ಣನ್ನು ಹದ ತಪ್ಪುವ ಮೊದಲೇ ಗುಣಪಡಿಸಬೇಕು. ಅದು ವಿಜ್ಞಾನದ ಕೆಲಸ, ಅದಕ್ಕೆ ನಿಮ್ಮ ಎಚ್ಚರದ ಕಣ್ಣು ಬೇಕು. ಗುಣವಾಗದ ಕಣ್ಣುಳ್ಳ ಮಗುವಿಗೆ ಕಲಿಯುವ ಅವಕಾಶವನ್ನು ಪೂರ್ತಿಯಾಗಿ ಕೊಡಬೇಕು. ಅದನ್ನು ಕುಮಾರ ಸ್ವಾಮಿಗಳೂ ಪಂಚಾಕ್ಷರ ಗವಾಯಿಗಳೂ ನಮ್ಮ ನೆಲದಲ್ಲಿಯೇ ಮಾಡಿ ತೋರಿಸಿದ್ದಾರೆ. ಮು���ದಿನ ಸಲ ಗದಗಿಗೆ ಹೋದಾಗ ಪುಣ್ಯಾಶ್ರಮಕ್ಕೆ ಹೋಗಿ ಬನ್ನಿ. ಕಣ್ಣು ಮುಚ್ಚಿ ಐದು ನಿಮಿಷ ಅಲ್ಲಿನ ಹಾಡು ಕೇಳಿ. ಆಮೇಲೆ ಊರಿಗೆ ಬಂದು ನಿಮ್ಮ ಓಣಿಯ ಪುಟ್ಟ ಕೂಸುಗಳ ಕಣ್ಣುಗಳನ್ನು ಒಮ್ಮೆ ಗಮನಿಸಿ ನೋಡಿ.